ದೀಪವಿಲ್ಲದ ಹೆಸರು

ಕಲ್ಲಿಗೂ ಒಂದು ವಾಸನೆ ಇದೆ ಎಂದರೆ ನೀವು ನಗಬಹುದು. ಮೊನ್ನೆ ಮಣ್ಣಗುಡ್ಡೆಯ ನಮ್ಮ ಮನೆಯ ಪಕ್ಕದ ಕಂಪೌಂಡಿನಲ್ಲಿ ಮೆಟ್ಟಿಲಿಗೆಂದು ಕರಿಗಲ್ಲು ತಂದು ಹಾಕಿದ್ದರು. ಈಗೆಲ್ಲ ಮಷಿನ್ನಿನಲ್ಲಿ ಕೊಯ್ಯುತ್ತಾರೆ. ಆದರೂ ಅಂಚು ಸರಿಮಾಡುವುದಕ್ಕೆ ಒಬ್ಬ ಮುದುಕ ಉಳಿ, ಸುತ್ತಿಗೆ ಹಿಡಿದು ಕೂತಿದ್ದ. ನಾನು ಚಹಾದ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದೆ. ಉಕ್ಕು ಕಲ್ಲಿಗೆ ತಾಗುವಾಗ ಏಳುವ ಸುಟ್ಟ ವಾಸನೆ, ಬೆಂಕಿಕಡ್ಡಿ ಗೀರಿ ಕೂಡಲೇ ಊದಿ ನಂದಿಸಿದ ಹಾಗಿನದು, ಮೂಗಿಗೆ ಬಡಿದದ್ದೇ ತಡ, ಕಿಟಕಿ ಬಿಟ್ಟು ಹಿಂದೆ ಸರಿದೆ. ಅರುವತ್ತು ವರ್ಷ ದಾಟಿದ ಮೇಲೂ ಒಂದು ವಾಸನೆಗೆ ಇಷ್ಟು ಹೆದರುವ ಹೆಂಗಸು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಚಹಾ ತಣ್ಣಗಾಯಿತು. ಸೊಸೆ ಬಂದು ಲೋಟ ತೆಗೆದುಕೊಂಡು ಹೋದಳು.

ನಮ್ಮ ಮನೆ ಬೊಕ್ಕಪಟ್ಣದ ಹೊಳೆಬದಿಯಲ್ಲಿತ್ತು. ನಿಮ್ಮ ಬಾಲ್ಯದ ಮನೆಯ ಹಾಗೆ ಅದೂ ಈಗ ಯಾವುದೋ ಗೇಟಿನ ಒಳಗೆ ಸೇರಿಹೋಗಿದೆ. ತಲೆ ತಗ್ಗಿಸಿ ಒಳಹೋಗಬೇಕಾದ ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ, ಜಗಲಿಯ ಮೂಲೆಯಲ್ಲಿ ರಾಶಿ ಹಾಕಿದ ಬಲೆ. ಆಗ ನೈಲಾನು ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಹತ್ತಿನೂಲಿನ ಬಲೆ ಕೊಳೆಯದಿರಲೆಂದು ಮರದ ತೊಗಟೆ ಕುದಿಸಿದ ಬಣ್ಣದಲ್ಲಿ ಅದ್ದುತ್ತಿದ್ದರು. ಆ ಕಹಿ ಪರಿಮಳ ನಮ್ಮ ಬಟ್ಟೆಯಲ್ಲಿ, ಅನ್ನದಲ್ಲಿ, ತಲೆಗೂದಲಿನಲ್ಲಿ ಸೇರಿಕೊಂಡಿತ್ತು. ಬೆಳಿಗ್ಗೆ ಹಂಚಿನ ಕಾರ್ಖಾನೆಯ ಕೂಗು, ಸಂಜೆ ಬೆಂಗ್ರೆಯಿಂದ ಬರುವ ದೋಣಿಯವರ ಕೂಗು, ನಡುವೆ ಅಜ್ಜಿಯ ಕೂಗು. ಇದರಲ್ಲಿ ಅಜ್ಜಿಯದ್ದೇ ದೊಡ್ಡದು. ಬೀದಿಯ ಕಡೆಗೂ ಒಂದು ಬಾಗಿಲಿತ್ತು, ಆದರೆ ಅದಕ್ಕೆ ಯಾವಾಗಲೂ ಅಗುಳಿ. ಹೊಳೆಯ ಕಡೆಯ ಬಾಗಿಲು ಮಾತ್ರ ತೆರೆದಿರಬೇಕು. ಸಂಜೀವ ಬಂದರೆ ನೀರಿನ ಕಡೆಯಿಂದಲೇ ಬರುತ್ತಾನೆ ಎಂದು ಅಜ್ಜಿಯ ಲೆಕ್ಕಾಚಾರ.

ಸಂಜೀವ ನನ್ನ ಚಿಕ್ಕಪ್ಪ. ನಾನು ಅವರನ್ನು ನೋಡಿದವಳಲ್ಲ. ದೊಡ್ಡ ಯುದ್ಧದ ಕಾಲದಲ್ಲಿ, ಮೀನು ಹಿಡಿಯುವ ನಮ್ಮ ಹುಡುಗರಿಗೆ ನೀರಿನ ಭಯ ಇಲ್ಲ ಎಂದು ಹುಡುಕಿ ಹುಡುಕಿ ಹಡಗಿಗೆ ಸೇರಿಸಿಕೊಂಡಾಗ ಅವರೂ ಹೋದರು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತಂತೆ. ಆಮೇಲೆ ಒಂದು ಇಂಗ್ಲಿಷ್ ಕಾಗದ ಬಂತು. ಶಾಲೆಯ ಮಾಸ್ಟ್ರು ಓದಿ ಹೇಳಿದರು: ಹಡಗು ಮುಳುಗಿದೆ, ಇವರು ಕಾಣೆಯಾಗಿದ್ದಾರೆ. ಅಜ್ಜಿ ಕಾಗದವನ್ನು ಮಡಿಸಿ ಅಕ್ಕಿ ಡಬ್ಬಿಯ ಅಡಿಗೆ ಹಾಕಿದರಂತೆ. "ಮುಳುಗಿದ್ದು ಹಡಗು. ನನ್ನ ಮಗ ಈಜುವವ" ಎಂದರಂತೆ. ಅಲ್ಲಿಗೆ ಮನೆಯ ಗಡಿಯಾರ ನಿಂತಿತು. ಮಾಡಿಗೆ ಹೊಸ ಹಂಚು ಹೊದೆಸುವ ಹಾಗಿಲ್ಲ, ಗೋಡೆಗೆ ಬೇರೆ ಬಣ್ಣ ಬಳಿಯುವ ಹಾಗಿಲ್ಲ, ಅಂಗಳದ ಒಣಗಿದ ತೆಂಗಿನಮರ ಕಡಿಯುವ ಹಾಗಿಲ್ಲ. "ಅವನಿಗೆ ಗುರುತು ಸಿಗುವುದು ಬೇಡ್ವಾ?" ಎಂದು ಅಜ್ಜಿ ಕೇಳಿದರೆ ನನ್ನ ಅಪ್ಪ ಬಲೆ ಹೆಗಲಿಗೆ ಹಾಕಿ ಹೊರಟುಬಿಡುತ್ತಿದ್ದರು. ಅಪ್ಪನಿಗೆ ಸಮುದ್ರದ ಮೇಲೆ ಎಷ್ಟು ಧೈರ್ಯವೋ ಮನೆಯೊಳಗೆ ಅಷ್ಟೇ ಅಂಜಿಕೆ.

ಬದಲಾಗಬಾರದ ಈ ವಸ್ತುಗಳ ನಡುವೆ ಕಲ್ಯಾಣಿ ಚಿಕ್ಕಮ್ಮನೂ ಇದ್ದರು. ನನ್ನನ್ನು ಹೆತ್ತು ಮೂರನೆಯ ದಿನ ಅಮ್ಮ ತೀರಿಕೊಂಡಿದ್ದರಿಂದ ನನಗೆ ತಾಯಿ ಎಂದರೆ ಚಿಕ್ಕಮ್ಮನೇ. ಅವರ ಮೈಗೆ ಒತ್ತಿಕೊಂಡು ಮಲಗಿ, ಅವರ ಕೈಯಲ್ಲಿ ತಲೆ ಬಾಚಿಸಿಕೊಂಡು, ಅವರ ಸೆರಗಿನ ಮೂಲೆ ಬಾಯಲ್ಲಿಟ್ಟು ಬೆಳೆದವಳು ನಾನು. ಅವರು ಹಂಚಿನ ಕಾರ್ಖಾನೆಗೆ ಹಂಚು ಹೊರಲು ಹೋಗುತ್ತಿದ್ದರು. ಸಂಜೆ ಬಂದರೆ ರೆಪ್ಪೆಯ ಮೇಲೂ ಕೆಂಪು ಧೂಳು. ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ, ತಲೆಗೆ ಅಬ್ಬಲಿಗೆ ಹೂ. ಇವುಗಳಲ್ಲಿ ಒಂದು ಕಡಿಮೆಯಾದರೂ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಆದರೆ ಮದುವೆಮನೆಯಲ್ಲಿ ಮುತ್ತೈದೆಯರನ್ನು ಆರತಿಗೆ ಕರೆಯುವಾಗ ಎಲ್ಲರ ಕಣ್ಣೂ ಚಿಕ್ಕಮ್ಮನನ್ನು ದಾಟಿ ಪಕ್ಕದವಳಿಗೆ ಹೋಗುತ್ತಿತ್ತು. ಆ ಸಾಲಿಗೂ ಇಲ್ಲ, ಈ ಸಾಲಿಗೂ ಇಲ್ಲ. ಹಾಗಾಗಿ ಅವರು ಅಡಿಗೆಮನೆಯ ಹಿಂದೆ ತೆಂಗಿನಕಾಯಿ ತುರಿಯುತ್ತ ಕೂತುಬಿಡುತ್ತಿದ್ದರು. ಎಷ್ಟು ಮದುವೆಯ ತೆಂಗಿನಕಾಯಿ ತುರಿದರೋ ಪಾಪ.

ಮೀನಿನ ತುಂಡಿನ ವಿಷಯ ಹೇಳದೆ ಇರಲಾರೆ. ಮಧ್ಯಾಹ್ನ ಸಾರು ಆದ ಕೂಡಲೇ ಅಜ್ಜಿ ಒಳ್ಳೆಯ ತುಂಡೊಂದನ್ನು ಆರಿಸಿ ಚಿಕ್ಕ ಮಣ್ಣಿನ ಪಾತ್ರೆಯಲ್ಲಿ ತೆಗೆದಿಡುತ್ತಿದ್ದರು. ಅದು ಸಂಜೀವನ ತುಂಡು. ಅಂಜಲ್ ಇದ್ದರೆ ಅಂಜಲ್, ಬರೀ ಬೂತಾಯಿ ಇದ್ದರೆ ಅದರಲ್ಲೇ ದಪ್ಪದ್ದು. ನಾನು ಆಸೆಪಟ್ಟು ಬೆರಳು ಹಾಕಿದರೆ ಕೈಗೆ ಪೆಟ್ಟು. ಕತ್ತಲಾಗುವ ಹೊತ್ತಿಗೂ ಅವ ಬಾರದಿದ್ದರೆ ಆ ತಣ್ಣನೆಯ ತುಂಡನ್ನು ಚಿಕ್ಕಮ್ಮ ತಿನ್ನಬೇಕು. ಗಂಡನ ಪಾಲು ಹೆಂಡತಿಗೆ. ನಾನು ಆರನೆಯ ಕ್ಲಾಸಿಗೆ ಬರುವಷ್ಟರಲ್ಲೇ ಹದಿಮೂರು ವರ್ಷ ಅವರು ಹಾಗೆ ತಿಂದಿದ್ದರು, ಮುಖ ಗೋಡೆಗೆ ಮಾಡಿ, ಮುಳ್ಳು ಬಿಡಿಸಿ. ಅಜ್ಜಿ ಕ್ರೂರಿ ಅಂದುಕೊಳ್ಳಬೇಡಿ. ಚಿಕ್ಕಮ್ಮನಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕಾಲು ಒತ್ತಿದವರು ಅವರೇ. ಮಗ ಸತ್ತನೆಂದು ಒಪ್ಪಿಕೊಂಡರೆ ಮಗನ ಜೊತೆಗೆ ಸೊಸೆಯೂ ಹೋಗುತ್ತಾಳೆ ಎಂಬ ಭಯ ಅವರಿಗೆ. ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಮೊದಲು ಸತ್ತವನ ಬೊಜ್ಜ, ಅಂದರೆ ಉತ್ತರಕ್ರಿಯೆ, ಆಗಬೇಕು. ಹೆತ್ತ ತಾಯಿ ಒಪ್ಪದೆ ಬೊಜ್ಜ ಮಾಡುವವರು ಯಾರು?

ಮದುವೆಯಾಗುತ್ತೇನೆ ಎಂದವರೂ ಇದ್ದರು. ಕಾರ್ಖಾನೆಯಲ್ಲಿ ಹಂಚು ಸುಡುವ ಒಲೆಯ ಮೇಸ್ತ್ರಿ, ವಾಸು ಅಂತ. ಹೆಂಡತಿ ತೀರಿಹೋಗಿತ್ತು, ಮಕ್ಕಳಿರಲಿಲ್ಲ, ಕಂಕನಾಡಿಯ ಹತ್ತಿರ ಮನೆ. ಮಾತು ಕಡಿಮೆ. ಒಂದು ಆಷಾಢದಲ್ಲಿ ನನಗೆ ಛತ್ರಿ ಇಲ್ಲವೆಂದು ತನ್ನ ಗೊರಬು ಕೊಟ್ಟು ತಾನು ನೆನೆದುಕೊಂಡು ಹೋದವರು. ಅವರು ಗುರಿಕಾರರ, ಅಂದರೆ ನಮ್ಮ ಸಮಾಜದ ಹಿರಿಯರ, ಮೂಲಕ ಕೇಳಿಸಿದ್ದರು: "ಬೊಜ್ಜ ಆಗಲಿ, ನಾನು ಕಾಯ್ತೇನೆ." ಎರಡು ವರ್ಷ ಕಾದಿದ್ದರು. ಚಿಕ್ಕಮ್ಮ ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆದರೆ ಆ ಎರಡು ವರ್ಷ ಅವರು ಕೆಲಸಕ್ಕೆ ಹೊರಡುವ ಮೊದಲು ಕನ್ನಡಿ ನೋಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಹವಾಲ್ದಾರ್ ಇಸ್ಮಾಯಿಲ್ ಬ್ಯಾರಿಗಳು ಕಲ್ಲಿನ ಯೋಜನೆ ಹಿಡಿದು ಮನೆಮನೆ ಹತ್ತಿದರು. ಸೈನ್ಯದಿಂದ ಬಂದು ಬಂದರಿನಲ್ಲಿ ಜೀನಸಿನ ಅಂಗಡಿ ಇಟ್ಟವರು, ಉಪ್ಪು ತೂಗುವಾಗಲೂ ಎದೆ ಸೆಟೆಸಿ ನಿಲ್ಲುವವರು. ನಮ್ಮ ಆಸುಪಾಸಿನಿಂದ ಯುದ್ಧಕ್ಕೆ ಹೋದವರ ಹೆಸರೆಲ್ಲ ಒಂದು ಕಾರ್ಕಳದ ಕಲ್ಲಿನ ಮೇಲೆ ಕೆತ್ತಿಸಿ ದೋಣಿಕಡವಿನ ಹತ್ತಿರ ನಿಲ್ಲಿಸಬೇಕು ಎಂದು ಅವರ ಹಟ. ಮರಳಿ ಬಂದವರದ್ದೂ, ಬಾರದವರದ್ದೂ ಒಂದೇ ಪಟ್ಟಿ. ಬಾರದವರ ಹೆಸರಿನ ಮುಂದೆ ಮಾತ್ರ ಒಂದು ಸಣ್ಣ ದೀಪದ ಚಿತ್ರ.

"ಹೆಸರು ಬರೆಸಿ. ದೀಪ ಬೇಡ" ಎಂದರು ಅಜ್ಜಿ.

"ಅಮ್ಮಾ, ನಾನೂ ತಮ್ಮನನ್ನು ಬರ್ಮಾದಲ್ಲಿ ಬಿಟ್ಟು ಬಂದವ" ಎಂದರು ಬ್ಯಾರಿಗಳು ಜಗಲಿಯ ಕೆಳಗೆ ನಿಂತೇ. "ತಾಯಂದಿರ ಬಾಯಲ್ಲಿ ಆ ಮಾತು ಹೇಳಿಸುವುದು ಬೇಡ ಅಂತ ಒಂದು ಕ್ರಮ ಮಾಡಿದ್ದೇವೆ. ದೀಪ ಆಗ್ಬೇಕು ಅಂತ ಇದ್ರೆ ಕಲ್ಲಿನ ಆಚಾರ್ಯರಿಗೆ ಒಂದು ಬತ್ತಿ ಕಳುಹಿಸಿ. ಬತ್ತಿ ಬಂದ್ರೆ ದೀಪ ಕೆತ್ತುತ್ತಾರೆ, ಬಾರದಿದ್ರೆ ಇಲ್ಲ. ಯಾರೂ ಎಂತದೂ ಕೇಳುವುದಿಲ್ಲ."

ಆ ಕ್ರಮವನ್ನು ಊರು ಮರ್ಯಾದೆಯಿಂದ ನಡೆಸಿತು. ತಾಯಿಯೋ ಹೆಂಡತಿಯೋ ಕೈಯಾರೆ ಹೊಸೆದ ಬತ್ತಿಯನ್ನು ಮನೆಯ ಮಗುವಿನ ಕೈಯಲ್ಲಿ ಕಳುಹಿಸುತ್ತಿದ್ದರು. ಕ್ರಿಶ್ಚಿಯನ್ ಮನೆಯವರು ಮೇಣದಬತ್ತಿಯ ತುಂಡು ಕಳುಹಿಸಿದರು. ಆಚಾರ್ಯರು ಎಲ್ಲವನ್ನೂ ಒಂದು ತೆಂಗಿನ ಗೆರಟೆಯಲ್ಲಿ ತೆಗೆದಿಟ್ಟಿದ್ದರು, ಕಲ್ಲು ನಿಲ್ಲಿಸುವ ದಿನ ಹಚ್ಚುವುದಕ್ಕೆ. ಶಾಲೆಗೆ ಹೋಗುವ ದಾರಿಯಲ್ಲೇ ಅವರ ಮಡಲಿನ ಚಪ್ಪರ. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಟಕ್ ಟಕ್ ಎಂದು ಕೆತ್ತುತ್ತಿದ್ದರು. ಚಿಕ್ಕಪ್ಪನ ಹೆಸರಿನ ಮುಂದಿನ ಖಾಲಿ ಜಾಗವನ್ನು ನಾನು ದಿನಾ ನೋಡಿಕೊಂಡು ಹೋಗುತ್ತಿದ್ದೆ. ಅಲ್ಲಿ ದೀಪ ಬಂದರೆ ಬೊಜ್ಜಕ್ಕೂ ಒಪ್ಪಿದ ಹಾಗೆ ಎಂದು ಊರಿಗೆಲ್ಲ ಗೊತ್ತಿತ್ತು.

ಅಪ್ಪ ಜೀವಮಾನದಲ್ಲಿ ಒಮ್ಮೆ ಧೈರ್ಯ ಮಾಡಿದರು. ಗುರಿಕಾರರನ್ನು ಕರೆದುಕೊಂಡು ಬಂದರು. ಅವರು ವೀಳ್ಯ ಹಾಕಿಕೊಂಡು, "ಮುತ್ತಕ್ಕಾ, ಮಗನನ್ನು ಕಾಯುವುದು ನಿಮ್ಮ ಇಷ್ಟ. ಆ ಹೆಣ್ಣನ್ನು ಕಾಯಿಸುವುದು ಯಾರ ಇಷ್ಟ?" ಎಂದು ಕೇಳಿ ಎದ್ದುಹೋದರು. ಅಜ್ಜಿ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅಜ್ಜಿ ಕೂಗದ ಮನೆ ಎಷ್ಟು ದೊಡ್ಡದೆಂದು ಆಗ ಗೊತ್ತಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಹಿಡಿ ಹತ್ತಿ ತಂದು ಚಿಕ್ಕಮ್ಮನ ಮುಂದೆ ಇಟ್ಟು, ನನ್ನ ಕಡೆ ತಿರುಗಿ, "ಅವಳು ಎಂತದಾದರೂ ಕೊಟ್ರೆ ಕಲ್ಲಿನವರಿಗೆ ಕೊಡು. ಕೊಟ್ಟಳಾ ಇಲ್ವಾ ಅಂತ ನನಗೆ ಹೇಳುವುದು ಬೇಡ" ಎಂದು ಹೊಳೆಯ ಕಡೆಗೆ ನಡೆದರು. ನೀರಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂತರು.

ಚಿಕ್ಕಮ್ಮ ಸೀರೆಯನ್ನು ಮೊಣಕಾಲಿಗೆ ಸರಿಸಿ, ಕಾಲಿನ ಮೇಲೆ ಹತ್ತಿಯಿಟ್ಟು ಅಂಗೈಯಿಂದ ಹೊಸೆದರು. ಹಂಚು ಹೊತ್ತು ದಡ್ಡುಗಟ್ಟಿದ ಅಂಗೈ. ಹತ್ತಿ ಅಂಟಿಕೊಂಡು ಎರಡು ಸಲ ಹರಿಯಿತು. ಮೂರನೆಯ ಸಲ ನೀಟಾದ, ನನ್ನ ಕಿರುಬೆರಳಿನಷ್ಟು ಉದ್ದದ ಬತ್ತಿ ಆಯಿತು. ಅದನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. "ಒದ್ದೆ ಮಾಡ್ಬೇಡ ಮಗಾ" ಎಂದರು, ಅಷ್ಟೇ. ಅವರ ಮುಖದಲ್ಲಿ ನಾನು ಅದುವರೆಗೆ ನೋಡದ ಒಂದು ಕಳೆ ಇತ್ತು. ಹುಡುಗಿಯ ಹಾಗೆ ಕಾಣುತ್ತಿದ್ದರು. ಆಗ ಅವರಿಗೆ ಮೂವತ್ತೆರಡೋ ಮೂವತ್ತಮೂರೋ, ಹುಡುಗಿಯೇ ಅಲ್ಲವೇ?

ಹಿಂದಿನ ದಿನವಷ್ಟೇ ಪಕ್ಕದ ಮನೆಯ ಹೆಂಗಸು ನನ್ನನ್ನು ತಮಾಷೆ ಮಾಡಿದ್ದಳು: "ಇನ್ನು ನಿನ್ನ ಚಿಕ್ಕಮ್ಮ ಕಂಕನಾಡಿಗೆ ಹೋಗ್ತಾಳೆ ಮಾರಾಯ್ತಿ. ನಿನ್ನ ತಲೆ ಬಾಚುವವರು ಯಾರು? ಅಜ್ಜಿಯ ಕೈಯಲ್ಲಿ ಹೇನು ಹೆಕ್ಕಿಸಿಕೋ!" ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಆ ದಿನ ದಾರಿಯುದ್ದಕ್ಕೂ ಮುಷ್ಟಿ ಹಿಡಿದುಕೊಂಡೇ ನಡೆದೆ. ಚಪ್ಪರದ ಹತ್ತಿರ ಆ ಸುಟ್ಟ ಕಲ್ಲಿನ ವಾಸನೆ ಗಂಟಲಿಗೆ ಬಂತು. ಆಚಾರ್ಯರು ಸುತ್ತಿಗೆ ಕೆಳಗಿಟ್ಟು, ಹುಬ್ಬಿನ ಬೂದಿಬಣ್ಣದ ಧೂಳು ಒರೆಸಿಕೊಂಡು, ನನ್ನ ಗುರುತು ಹಿಡಿದು ಅಂಗೈ ಚಾಚಿದರು. "ಎಂತ ಮಗಾ, ಮನೆಯಿಂದ ಎಂತದಾದ್ರೂ ಉಂಟಾ?"

"ಇಲ್ಲ" ಎಂದೆ.

ಮುಷ್ಟಿ ಲಂಗದ ಕಿಸೆಯೊಳಗಿತ್ತು. ಅವರು ಚಾಚಿದ ಕೈಯನ್ನು ಹಾಗೆಯೇ ಒಂದು ಕ್ಷಣ ಇಟ್ಟುಕೊಂಡಿದ್ದರು. ಮತ್ತೆ ಸುತ್ತಿಗೆ ಎತ್ತಿದರು. ನಾನು ಶಾಲೆಗೆ ಓಡಿದೆ. ಆ ದಿನ ಬಿಸಿಲಿಗೆ ಬೆವೆತು, ಮಧ್ಯಾಹ್ನ ಶಾಲೆಯ ನಳ್ಳಿಯ ಕೆಳಗೆ ಆಟವಾಡಿ, ಸಂಜೆಯ ಹೊತ್ತಿಗೆ ಕಿಸೆಯಲ್ಲಿ ಬತ್ತಿ ಇರುವುದೇ ಮರೆತುಹೋಗಿತ್ತು. ಮಕ್ಕಳ ಮನಸ್ಸು ಹಾಗೆ, ಕೊಂದದ್ದನ್ನು ಗಂಟೆಯೊಳಗೆ ಮರೆಯುತ್ತದೆ.

ಹದಿನೈದು ದಿನ ಕಳೆದು ಕಲ್ಲು ನಿಲ್ಲಿಸಿದರು. ಬ್ಯಾಂಡು ಬಂತು, ಯಾರೋ ಆಫೀಸರು ಕದ್ರಿಯಿಂದ ಕಾರಿನಲ್ಲಿ ಬಂದರು. ಕಲ್ಲಿನ ಬುಡದಲ್ಲಿ ಮನೆಮನೆಯ ಬತ್ತಿಗಳನ್ನು ಹಚ್ಚಿಟ್ಟಿದ್ದರು. ಮೇಣದ ತುಂಡೂ ಅವುಗಳ ನಡುವೆ ಉರಿಯುತ್ತಿತ್ತು. ಅಜ್ಜಿಗೆ ಓದಲು ಬಾರದು. ನನ್ನ ಕೈ ಹಿಡಿದು "ಎಲ್ಲುಂಟು?" ಎಂದು ಕೇಳಿದರು. ನಾನು ತೋರಿಸಿದೆ. ಅಜ್ಜಿ ಬೆರಳಿನಿಂದ ಹೆಸರು ಮುಟ್ಟಿದರು, ಅದರ ಮುಂದಿನ ನುಣ್ಣನೆಯ ಜಾಗ ಮುಟ್ಟಿದರು, ಮತ್ತೆ ಮುಟ್ಟಿದರು. ಆಮೇಲೆ ತಿರುಗಿ ಎಲ್ಲರೆದುರೇ ಚಿಕ್ಕಮ್ಮನನ್ನು ಅಪ್ಪಿಕೊಂಡು ಅಳತೊಡಗಿದರು. "ನೋಡಿ, ನನ್ನ ಸೊಸೆ ಬತ್ತಿ ಕೊಡ್ಲಿಲ್ಲ! ಹೋಗು ಅಂದ್ರೂ ಹೋಗ್ಲಿಲ್ಲ! ನನ್ನ ಮಗ ಉಂಟು ಅಂತ ಇವಳಿಗೂ ಗೊತ್ತುಂಟು!" ಚಿಕ್ಕಮ್ಮ ಆ ಅಪ್ಪುಗೆಯೊಳಗೆ ಕೈ ಕೆಳಗೆ ಬಿಟ್ಟು ನಿಂತಿದ್ದರು. ಜನರ ಹಿಂದೆ ವಾಸು ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಹೊರಟುಹೋದರು. ಮಳೆಗಾಲಕ್ಕೆ ಮುಂಚೆಯೇ ಉಳ್ಳಾಲದ ಕಡೆಯ ಹುಡುಗಿಯೊಡನೆ ಅವರ ಮದುವೆಯಾಯಿತು. ಚಿಕ್ಕಮ್ಮ ಅದೇ ಒಲೆಯಿಂದ ಹಂಚು ಹೊರುವುದನ್ನು ನಿಲ್ಲಿಸಲಿಲ್ಲ. ಕನ್ನಡಿ ನೋಡುವುದು ಮಾತ್ರ ನಿಂತಿತು.

ಆ ಮೇಲಿನ ವರ್ಷಗಳಲ್ಲಿ ಅಜ್ಜಿ ಚಿಕ್ಕಮ್ಮನನ್ನು ನೆಲಕ್ಕೆ ಕಾಲಿಡದ ಹಾಗೆ ನೋಡಿಕೊಂಡರು. ಅದು ಇನ್ನೂ ಕಷ್ಟವಾಗಿತ್ತು. ಬೈಯುವ ಅತ್ತೆಯ ಮನೆಯನ್ನು ಬಿಟ್ಟು ಹೋಗುವವರಿದ್ದಾರೆ, ಇಷ್ಟು ಪ್ರೀತಿಸುವವರ ಮನೆಯನ್ನು ಬಿಟ್ಟು ಎಲ್ಲಿಗೆ ಹೋಗುವುದು? ನಾನು ದೊಡ್ಡವಳಾದೆ. ಏನು ಮಾಡಿದ್ದೇನೆಂದು ಅರ್ಥವಾಗುವ ವಯಸ್ಸು ಬಂದಾಗ ಊಟ ಸೇರದಾಯಿತು. ಹೇಳಿಬಿಡಬೇಕೆಂದು ಚಿಕ್ಕಮ್ಮನ ಪಕ್ಕದಲ್ಲಿ ಎಷ್ಟೋ ಸಲ ಕೂತೆ. ಪ್ರತಿ ಸಲವೂ ಬೇರೇನೋ ಮಾತಾಡಿ ಎದ್ದುಬಿಡುತ್ತಿದ್ದೆ. ಅಜ್ಜಿ ಇರುವಷ್ಟು ದಿನ ಹೇಳಿದರೆ ಇಬ್ಬರನ್ನೂ ಕೊಂದ ಹಾಗೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ನಾನು ಟೀಚರ್ ಟ್ರೈನಿಂಗಿನಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಅವರ ಬೊಜ್ಜದ ದಿನ ಸತ್ತವರಿಗೆ ಬಾಳೆಎಲೆ ಹಾಕುವಾಗ ಗುರಿಕಾರರು ಮೆಲ್ಲಗೆ ಕೇಳಿದರು: "ಕಲ್ಯಾಣಿ, ಸಂಜೀವನಿಗೂ ಒಂದು ಎಲೆ ಹಾಕುವನಾ?" ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದರು. "ಅತ್ತೆ ಹಾಕ್ಲಿಲ್ಲ, ನಾನು ಹೇಗೆ ಹಾಕುವುದು?" ಎಂದರು. ಮರುದಿನ ಸಾರು ಆದ ಕೂಡಲೇ ಮಣ್ಣಿನ ಪಾತ್ರೆಯಲ್ಲಿ ಒಂದು ತುಂಡು ತೆಗೆದಿಟ್ಟದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಅವರ ಕಾಲ ಬಳಿ ಕೂತು, ಅಳುತ್ತ, ಎಲ್ಲವನ್ನೂ ಹೇಳಿದೆ. ಬತ್ತಿ, ಕಿಸೆ, ಆಚಾರ್ಯರ ಕೈ.

ಅವರು ಅನ್ನ ಬಸಿಯುತ್ತಿದ್ದರು. ಬಸಿದು ಮುಗಿಸಿ, ಕೈ ಒರೆಸಿಕೊಂಡರು.

"ಗೊತ್ತುಂಟು ಮಗಾ. ಆ ದಿನ ಸಂಜೆ ನಿನ್ನ ಲಂಗ ಒಗೆಯುವಾಗ ಸಿಕ್ಕಿತು."

"ಮತ್ತೆ? ಇನ್ನೊಂದು ಹೊಸೆಯಬಹುದಿತ್ತಲ್ಲ ಚಿಕ್ಕಮ್ಮ? ಕಲ್ಲು ಕೆತ್ತಿ ಆಗಿರಲಿಲ್ಲ!"

"ಹೌದು. ಹತ್ತಿಯೂ ಇತ್ತು." ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಜಡೆ ಹಾಕುವವರ ಹಾಗೆ ಕೂದಲು ಬಿಡಿಸಿದರು. "ಅತ್ತೆ ಬೇಡ ಅಂದದ್ದಾದ್ರೆ ಜಗಳ ಮಾಡಿಯಾದ್ರೂ ಹೋಗ್ತಿದ್ದೆ. ನೀನು ಬೇಡ ಅಂದ ಮೇಲೆ ಹೇಗೆ ಹೋಗುವುದು?"

ಆ ಮಾತಿಗಿಂತ ಒಂದು ಪೆಟ್ಟು ಕೊಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಅಳಲಿಲ್ಲ, ಊಟಕ್ಕೆ ಕರೆದರು. ಆಮೇಲೆ ಇಪ್ಪತ್ತು ವರ್ಷ ನನ್ನ ಜೊತೆಗೇ ಇದ್ದರು. ನನ್ನ ಮಕ್ಕಳ ತಲೆಯನ್ನೂ ಬಾಚಿದರು. ಈ ವಿಷಯ ನಾವು ಮತ್ತೆ ಎತ್ತಲಿಲ್ಲ.

ರಸ್ತೆ ಅಗಲ ಮಾಡುವಾಗ ಆ ಕಲ್ಲನ್ನು ಕಿತ್ತು ಒಂದು ಕಟ್ಟಡದ ಪಾಗಾರಕ್ಕೆ ಒರಗಿಸಿದ್ದಾರೆ. ಕೆಲವೊಮ್ಮೆ ಆಟೋ ಮಾಡಿಕೊಂಡು ಹೋಗಿ ನೋಡಿ ಬರುತ್ತೇನೆ. ಎದುರು ಸ್ಕೂಟರುಗಳು ನಿಂತಿರುತ್ತವೆ, ಅವುಗಳ ನಡುವೆ ಬಗ್ಗಿ ಓದಬೇಕು. ದೀಪ ಇರುವ ಹೆಸರು, ದೀಪ ಇಲ್ಲದ ಹೆಸರು, ಈಗ ಯಾರೂ ಉಳಿದಿಲ್ಲ. ಹವಾಲ್ದಾರರೂ ಹೋದರು, ಮರಳಿ ಬಂದವರೂ ಹೋದರು. ಯಾರಿಗೆ ದೀಪ ಇದೆ, ಯಾರಿಗಿಲ್ಲ ಎಂಬುದರಿಂದ ಇನ್ನು ಯಾರಿಗೂ ಏನೂ ಆಗಬೇಕಾಗಿಲ್ಲ. ಆ ಎರಡು ಬೆರಳಿನಷ್ಟು ಜಾಗದಲ್ಲಿ ಒಂದು ದೀಪ ಬೇಕಾಗಿದ್ದದ್ದು ಒಬ್ಬ ಹೆಂಗಸಿಗೆ, ಒಂದು ಬೆಳಿಗ್ಗೆ ಮಾತ್ರ. ಆ ಬೆಳಿಗ್ಗೆ ಅವರು ಅದನ್ನು ನಂಬಿ ಕೊಟ್ಟದ್ದು ನನ್ನ ಕೈಯಲ್ಲಿ.